ಲೆಡ್ಜರ್ ಮುಚ್ಚುವ ಮೊದಲು ಲೆಡ್ಜರ್ ಬರೆಯುವವರನ್ನು ಕೇಳಿ

ಪ್ರಶ್ನೆ: ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ಪತ್ತಿನ ಸೌಹಾರ್ದ ಸಹಕಾರಿ. ಪ್ರಧಾನ ಕಚೇರಿ, ಮೂರು ಶಾಖೆ, 19 ಸಿಬ್ಬಂದಿ, 11 ಪಿಗ್ಮಿ ಏಜೆಂಟರು (ದಿನವೂ ಮನೆ, ಅಂಗಡಿಗೆ ಹೋಗಿ ಸಣ್ಣ ಉಳಿತಾಯ ಸಂಗ್ರಹಿಸುವವರು), ಸುಮಾರು 6,200 ಸದಸ್ಯರು. ಸಾಫ್ಟ್‌ವೇರ್ ಹಾಕಿಸಿ ಎಂಟು ತಿಂಗಳಾಯಿತು. ಇವತ್ತಿಗೂ ಲೆಡ್ಜರ್ ಬರೆಯುವುದು ನಿಂತಿಲ್ಲ. ದಿನದ ವೋಚರ್‌ಗಳನ್ನೆಲ್ಲ ಸಂಜೆ ಇಬ್ಬರು ಹುಡುಗರು ಕೂತು ಕಂಪ್ಯೂಟರಿಗೆ ಹಾಕುತ್ತಾರೆ. ಎರಡು ಲೆಕ್ಕವೂ ತಾಳೆಯಾಗುವುದಿಲ್ಲ. ನಮ್ಮ ಹಿರಿಯ ಗುಮಾಸ್ತರು ಸಾಫ್ಟ್‌ವೇರೇ ತಪ್ಪು ಎನ್ನುತ್ತಾರೆ. ಬರುವ ಏಪ್ರಿಲ್ 1ರಿಂದ ಲೆಡ್ಜರ್ ಬಂದ್ ಎಂದು ಆದೇಶ ಹೊರಡಿಸೋಣ ಎಂಬುದು ಆಡಳಿತ ಮಂಡಳಿಯ ಮಾತು. ಸಿಬ್ಬಂದಿಯ ವಿರೋಧವನ್ನು ನಿಭಾಯಿಸುವುದು ಹೇಗೆ? — ಮುಖ್ಯ ಕಾರ್ಯನಿರ್ವಹಣಾಧಿಕಾರಿ

ಉತ್ತರ: ಹಿರಿಯ ಗುಮಾಸ್ತರ ಮಾತಿನಿಂದಲೇ ಶುರುಮಾಡೋಣ. ಅವರ ಮಾತಿನಲ್ಲಿ ನಿಜವಿರುವ ಸಾಧ್ಯತೆ ಹೆಚ್ಚು. ಯಾವುದಾದರೂ ಒಂದು ಸಾಲದ ಖಾತೆ ತೆಗೆದುಕೊಂಡು ಬಡ್ಡಿ ಲೆಕ್ಕ ಹಾಕಿ ನೋಡಿ. 50,000 ರೂಪಾಯಿ ಸಾಲ, ಶೇ. 14 ಬಡ್ಡಿ, ಜೂನ್ 10ರಿಂದ ಸೆಪ್ಟೆಂಬರ್ 25ರವರೆಗೆ ಎಂದಿಟ್ಟುಕೊಳ್ಳಿ. ಕೈಲೆಕ್ಕದಲ್ಲಿ ಪಳಗಿದವರು ಮೂರು ತಿಂಗಳು ಹದಿನೈದು ದಿನ ಎಂದು ಹಿಡಿಯುತ್ತಾರೆ. 2,041 ರೂಪಾಯಿ 67 ಪೈಸೆ ಬರುತ್ತದೆ. ಸಾಫ್ಟ್‌ವೇರ್ 107 ದಿನ ಎಂದು ಎಣಿಸಿ 365ರಿಂದ ಭಾಗಿಸುತ್ತದೆ. 2,052 ರೂಪಾಯಿ 5 ಪೈಸೆ ಬರುತ್ತದೆ. ಒಂದೇ ಖಾತೆಯಲ್ಲಿ ಹತ್ತು ರೂಪಾಯಿ ಚಿಲ್ಲರೆ ವ್ಯತ್ಯಾಸ. ಇಬ್ಬರಲ್ಲಿ ಯಾರೂ ತಪ್ಪಿಲ್ಲ. ಯಾವ ಪದ್ಧತಿಯಲ್ಲಿ ಎಣಿಸಬೇಕು ಎಂದು ಸಂಸ್ಥೆ ತೀರ್ಮಾನಿಸಿಲ್ಲ, ಅಷ್ಟೇ. ಉಳಿತಾಯ ಖಾತೆಯದೂ ಇದೇ ಕಥೆ. ತಿಂಗಳ ಕನಿಷ್ಠ ಶಿಲ್ಕಿನ (ಖಾತೆಯಲ್ಲಿ ಉಳಿದಿರುವ ಹಣದ) ಮೇಲೆ ಬಡ್ಡಿಯೋ ದಿನದ ಶಿಲ್ಕಿನ ಮೇಲೋ, ಪೈಸೆಯನ್ನು ಎಲ್ಲಿ ರೂಪಾಯಿಗೆ ಸರಿಸಬೇಕು, ಸುಸ್ತಿ ಬಡ್ಡಿ ಕಂತು ತಪ್ಪಿದ ದಿನದಿಂದಲೋ ತಿಂಗಳ ಕೊನೆಯಿಂದಲೋ, ಇವೆಲ್ಲ ಇಷ್ಟು ವರ್ಷ ಆ ಗುಮಾಸ್ತರ ತಲೆಯಲ್ಲಿದ್ದ ನಿಯಮಗಳು. ಸಾಫ್ಟ್‌ವೇರ್ ಹಾಕಿದವರು ಅವರನ್ನು ಕೇಳದೆ ತಮ್ಮ ನಿಯಮ ಕೂರಿಸಿ ಹೋಗಿದ್ದಾರೆ.

ಆದ್ದರಿಂದ 'ವಿರೋಧ' ಎಂಬ ಪದವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮಗೆ ಬರುತ್ತಿರುವ ಆಕ್ಷೇಪಣೆಗಳಲ್ಲಿ ಹೆಚ್ಚಿನವು ಯೋಜನೆಯಲ್ಲಿ ಬಿಟ್ಟುಹೋದದ್ದೇನು ಎಂಬುದರ ಪಟ್ಟಿ. ಕೇಳಿ ಬರೆದುಕೊಂಡರೆ ಕೆಲಸಕ್ಕೆ ಬರುತ್ತದೆ, ಹತ್ತಿಕ್ಕಿದರೆ ಅದೇ ತಪ್ಪು ಮುಂದೆ ಸದಸ್ಯರ ಪಾಸ್‌ಬುಕ್ಕಿನಲ್ಲಿ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ಹಳೆಯದಾದರೂ ಗಟ್ಟಿಯಾದ ಆಧಾರವೊಂದಿದೆ. ಅಮೆರಿಕದ ವರ್ಜೀನಿಯಾದಲ್ಲಿ ಹಾರ್ವುಡ್ ಎಂಬ ಪೈಜಾಮ ಹೊಲಿಯುವ ಕಾರ್ಖಾನೆಯಲ್ಲಿ ಲೆಸ್ಟರ್ ಕಾಚ್ ಮತ್ತು ಜಾನ್ ಫ್ರೆಂಚ್ ನಡೆಸಿದ ಪ್ರಯೋಗ 1948ರಲ್ಲಿ ಪ್ರಕಟವಾಯಿತು. ಹೊಲಿಗೆಯ ವಿಧಾನ ಬದಲಿಸಬೇಕಿತ್ತು. ಒಂದು ತಂಡಕ್ಕೆ ಬದಲಾವಣೆಯನ್ನು ವಿವರಿಸಿ, ಇನ್ನು ಹೀಗೆ ಮಾಡಿ ಎಂದಷ್ಟೇ ಹೇಳಿದರು. ಇನ್ನು ಕೆಲವು ತಂಡಗಳಲ್ಲಿ ಎಲ್ಲರನ್ನೂ ಕೂರಿಸಿಕೊಂಡು, ಕೆಲಸದ ಹೊಸ ಕ್ರಮವನ್ನೂ ಅದರ ದರವನ್ನೂ ಅವರ ಜೊತೆಗೇ ಗೊತ್ತುಮಾಡಿದರು. ಮೊದಲ ತಂಡದಲ್ಲಿ ಉತ್ಪಾದನೆ ಬಿದ್ದದ್ದು ಮೇಲೇಳಲಿಲ್ಲ. ಮೊದಲ 40 ದಿನಗಳಲ್ಲಿ ಶೇ. 17ರಷ್ಟು ಜನ ಕೆಲಸವನ್ನೇ ಬಿಟ್ಟರು. ಎಲ್ಲರನ್ನೂ ಸೇರಿಸಿಕೊಂಡ ತಂಡಗಳು ಬೇಗ ಚೇತರಿಸಿಕೊಂಡು, ಹಿಂದಿಗಿಂತ ಸುಮಾರು ಶೇ. 14ರಷ್ಟು ಹೆಚ್ಚು ಹೊಲಿದವು. ನಿಮ್ಮ ಆಡಳಿತ ಮಂಡಳಿಗೆ ಹೇಳಲೇಬೇಕಾದ ಭಾಗ ಇದರ ಮುಂದಿನದು. ಸುಮಾರು ಎರಡೂವರೆ ತಿಂಗಳ ನಂತರ, ಆ ಮೊದಲ ತಂಡದಲ್ಲಿ ಉಳಿದಿದ್ದವರನ್ನೇ ಮತ್ತೆ ಸೇರಿಸಿ ಇನ್ನೊಂದು ಕೆಲಸಕ್ಕೆ ಬದಲಿಸಿದರು, ಈ ಸಲ ಅವರನ್ನೂ ಕೂರಿಸಿಕೊಂಡು. ಅವರೂ ಬೇಗನೆ ಚೇತರಿಸಿಕೊಂಡರು. ಜನ ಅದೇ ಜನ, ಬದಲಾದದ್ದು ವಿಧಾನ.

ಈ ಪ್ರಯೋಗದ ಹಿಂದಿದ್ದ ಚಿಂತನೆ ಮನೋವಿಜ್ಞಾನಿ ಕರ್ಟ್ ಲೆವಿನ್ ಅವರದು. ಒಂದು ಪದ್ಧತಿ ಇದ್ದಲ್ಲೇ ನಿಂತಿದೆ ಎಂದರೆ ಅದನ್ನು ಮುಂದಕ್ಕೆ ನೂಕುವ ಬಲಗಳೂ ಹಿಂದಕ್ಕೆ ಹಿಡಿಯುವ ಬಲಗಳೂ ಸರಿಸಮ ಇವೆ ಎಂದರ್ಥ. ನೂಕುವುದನ್ನು ಹೆಚ್ಚಿಸಿದರೆ ಹಿಡಿತವೂ ಬಿಗಿಯಾಗುತ್ತದೆ. ಹಿಡಿದಿರುವ ಒಂದೊಂದೇ ಬಲವನ್ನು ಸಡಿಲಿಸಿದರೆ ಅಷ್ಟೇ ನೂಕಿನಲ್ಲಿ ಗಾಡಿ ಮುಂದೆ ಹೋಗುತ್ತದೆ. ನಿಮ್ಮ ಮಂಡಳಿಯ ಆದೇಶ ನೂಕುವ ಬಲ. ಅದು ಬೇಕು, ಆದರೆ ಕೊನೆಯಲ್ಲಿ ಬೇಕು.

ಹಾಗಾದರೆ ಹಿಡಿದಿರುವುದು ಏನು? ಒಂದು ಹಾಳೆಯಲ್ಲಿ ಪ್ರತಿಯೊಬ್ಬರ ಕೆಲಸದ ಮುಂದೆ ಈ ಬದಲಾವಣೆಯಿಂದ ಅವರು ಕಳೆದುಕೊಳ್ಳುವುದನ್ನು ಬರೆಯಿರಿ. ಲಾಭ ಬರೆಯಬೇಡಿ, ಅದನ್ನು ಸಾಫ್ಟ್‌ವೇರ್ ಮಾರಿದವರು ಆಗಲೇ ಹೇಳಿರುತ್ತಾರೆ. ಹಿರಿಯ ಗುಮಾಸ್ತರು ಕಳೆದುಕೊಳ್ಳುವುದು ಸ್ಥಾನ: ಯಾವ ಸದಸ್ಯರ ಖಾತೆ ಯಾವ ಪುಟದಲ್ಲಿದೆ ಎಂದು ಬಾಯಲ್ಲೇ ಹೇಳುವವರನ್ನು ಕೇಳದೆ ಕಚೇರಿ ನಡೆಯುತ್ತಿರಲಿಲ್ಲ, ಇನ್ನು ನಡೆಯುತ್ತದೆ. ಕ್ಯಾಷಿಯರಿಗೆ ಭಯ: ಮೊದಲು ಎಣಿಕೆಯಲ್ಲಿ ಹೆಚ್ಚುಕಮ್ಮಿಯಾದರೆ ಸಂಜೆಯೊಳಗೆ ಹುಡುಕಿ ಸರಿಮಾಡಬಹುದಿತ್ತು, ಈಗ ಪ್ರತಿ ಎಂಟ್ರಿಗೂ ಗಂಟೆ ನಿಮಿಷ ದಾಖಲಾಗುತ್ತದೆ. ಶಾಖಾ ವ್ಯವಸ್ಥಾಪಕರಿಗೆ ವಿವೇಚನೆ ಹೋಗುತ್ತದೆ: ಪರಿಚಿತ ರೈತ ಎರಡು ದಿನ ತಡವಾಗಿ ಬಂದರೂ ಸುಸ್ತಿ ಬಡ್ಡಿ ಹಾಕದೆ ಬಿಡುತ್ತಿದ್ದವರು ಅವರು. ಈ ಕೊನೆಯದನ್ನು ಸುಮ್ಮನೆ ಕಿತ್ತುಕೊಳ್ಳಬೇಡಿ. ಎಷ್ಟು ದಿನ, ಎಷ್ಟು ರೂಪಾಯಿಯವರೆಗೆ ಮನ್ನಾ ಮಾಡಬಹುದು ಎಂದು ಮಂಡಳಿಯಿಂದ ಠರಾವು ಮಾಡಿಸಿ, ಆ ಅಧಿಕಾರವನ್ನು ಸಾಫ್ಟ್‌ವೇರಿನಲ್ಲೇ ಅವರ ಲಾಗಿನ್‌ಗೆ ಕೊಡಿಸಿ. ಊರಿನ ಸಂಬಂಧವೇ ಬಂಡವಾಳವಾಗಿರುವ ಸಂಸ್ಥೆಯಲ್ಲಿ ಆ ಎರಡು ದಿನದ ಸೈರಣೆಗೆ ಬೆಲೆಯಿದೆ.

ಪಿಗ್ಮಿ ಏಜೆಂಟರ ವಿಷಯ ಸೂಕ್ಷ್ಮ. 1928ರಲ್ಲಿ ಉಡುಪಿಯಲ್ಲಿ ಶುರುವಾದ ಈ ಪದ್ಧತಿ ಇಷ್ಟು ಕಾಲ ಬಾಳಿದ್ದು ಅಂಗಡಿಯವರಿಗೂ ಏಜೆಂಟರಿಗೂ ಇರುವ ನಂಬಿಕೆಯಿಂದ. ಆದರೆ ಕಾರ್ಡಿನಲ್ಲಿ ಬರೆದು ಮರುದಿನ ಹಣ ಕಟ್ಟುವ ರೂಢಿ ಇದ್ದಲ್ಲಿ, ಒಂದು ದಿನದ ಸಂಗ್ರಹ ಸದಾ ಏಜೆಂಟರ ಕೈಯಲ್ಲಿರುತ್ತದೆ. ಕೈಯಲ್ಲಿ ಹಿಡಿಯುವ ಯಂತ್ರ ಬಂದು ಸದಸ್ಯರ ಮೊಬೈಲಿಗೆ ಸಂದೇಶ ಹೋದ ಕ್ಷಣ ಆ ಅಂತರ ಬಯಲಾಗುತ್ತದೆ. 'ಯಂತ್ರ ಭಾರ, ಬ್ಯಾಟರಿ ನಿಲ್ಲಲ್ಲ' ಎಂಬ ದೂರಿನ ಹಿಂದೆ ಕೆಲವು ಸಲ ಇದಿರುತ್ತದೆ. ಹದಿನೈದು ದಿನ ಗಡುವು ಕೊಟ್ಟು, ಎಲ್ಲ ಕಾರ್ಡುಗಳನ್ನೂ ಲೆಡ್ಜರಿನೊಂದಿಗೆ ತಾಳೆ ಮಾಡಿಸಿ, ಕಟ್ಟುವುದು ತಡವಾಗಿರುವುದನ್ನು ಕಟ್ಟಿಸಿಕೊಳ್ಳಿ. ಆದರೆ ಕಾರ್ಡಿನಲ್ಲಿರುವ ಹಣ ಲೆಡ್ಜರಿಗೆ ಬಂದೇ ಇಲ್ಲ ಎಂದಾದರೆ ಅದು ದುರುಪಯೋಗ. ಅದು ಮಂಡಳಿಗೂ ಲೆಕ್ಕಪರಿಶೋಧಕರಿಗೂ ಹೋಗಲೇಬೇಕು. ಅದರಲ್ಲಿ ಮಾಫಿ ಕೊಡುವ ಅಧಿಕಾರ ನಿಮಗಿಲ್ಲ. ಈ ಎರಡರ ಗೆರೆಯನ್ನು ಮೊದಲ ಸಭೆಯಲ್ಲೇ ಸ್ಪಷ್ಟವಾಗಿ ಹೇಳಿ.

ಕೆಲಸ ಹೋಗುತ್ತದೆ ಎಂಬ ಭಯಕ್ಕೆ ಬಾಯಿಮಾತಿನ ಸಮಾಧಾನ ಸಾಲದು. ಈ ಬದಲಾವಣೆಯಿಂದ ಯಾರನ್ನೂ ತೆಗೆಯುವುದಿಲ್ಲ ಎಂದಿದ್ದರೆ ಠರಾವು ಮಾಡಿ ಪ್ರತಿ ಕೊಡಿ. ಕಡಿತದ ಆಲೋಚನೆ ಇದ್ದರೆ ಅದನ್ನೂ ಈಗಲೇ ಹೇಳಿ. ಮುಚ್ಚಿಟ್ಟು ಆಮೇಲೆ ಹೊರಬಿದ್ದರೆ ಮುಂದಿನ ಹತ್ತು ವರ್ಷ ನಿಮ್ಮ ಯಾವ ಮಾತನ್ನೂ ಅವರು ನಂಬುವುದಿಲ್ಲ.

ಇನ್ನು ತಾರೀಖು. ಏಪ್ರಿಲ್ 1 ಲೆಕ್ಕಕ್ಕೆ ಚೆಂದ, ಜನಕ್ಕೆ ಕಷ್ಟ. ಮಾರ್ಚಿನಲ್ಲಿ ಅರ್ಧ ಸಿಬ್ಬಂದಿ ಸಾಲ ವಸೂಲಿಗೆ ಹೊರಗಿರುತ್ತಾರೆ, ಉಳಿದವರು ವರ್ಷಾಂತ್ಯದ ಲೆಕ್ಕದಲ್ಲಿ ಮುಳುಗಿರುತ್ತಾರೆ. ಮಾರ್ಚ್ 31ರ ಶಿಲ್ಕನ್ನೇ ಆಧಾರವಾಗಿಟ್ಟುಕೊಂಡು ಏಪ್ರಿಲ್, ಮೇ ತಿಂಗಳಲ್ಲಿ ಖಾತೆಗಳನ್ನು ಶುದ್ಧಮಾಡಿ, ಜೂನ್ 1ಕ್ಕೆ ಒಂದು ಶಾಖೆ, ಜುಲೈ 1ಕ್ಕೆ ಉಳಿದವು ಎಂದಿಟ್ಟುಕೊಳ್ಳುವುದು ವಾಸಿ. ಆ ಒಂದು ಶಾಖೆಯನ್ನು ಆರಿಸುವಾಗ ಎಚ್ಚರ. ಕಂಪ್ಯೂಟರ್ ಚೆನ್ನಾಗಿ ಬಲ್ಲ ಹುಡುಗರಿರುವ ಶಾಖೆ ಬೇಡ. ಅಲ್ಲಿ ಗೆದ್ದರೆ ಉಳಿದವರು 'ಅವರಿದ್ದಾರೆ, ಅದಕ್ಕೇ ಆಯಿತು' ಎನ್ನುತ್ತಾರೆ. ಎಲ್ಲ ರೀತಿಯಲ್ಲೂ ಸಾಧಾರಣವಾದ, ಜನಜಂಗುಳಿ ಕಡಿಮೆಯಿರುವ ಶಾಖೆ ಸಾಕು.

ಶುದ್ಧಮಾಡುವ ಕೆಲಸವನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. ಲೆಕ್ಕ ಹಾಕಿ: 6,200 ಸದಸ್ಯರಿಗೆ ತಲಾ ಎರಡು ಖಾತೆ ಎಂದರೂ 12,400 ಖಾತೆ. ಒಂದಕ್ಕೆ ನಾಲ್ಕು ನಿಮಿಷ ಹಿಡಿದರೆ ಸುಮಾರು 827 ಗಂಟೆ. ಆರು ಜನ ಸಂಜೆ ಎರಡೆರಡು ಗಂಟೆ ಕೂತರೆ 69 ಕೆಲಸದ ದಿನ ಬೇಕು, ಏಪ್ರಿಲ್, ಮೇ ಎರಡೇ ತಿಂಗಳಲ್ಲಿ ಮುಗಿಯುವುದಿಲ್ಲ. ಮೂವರು ತಾತ್ಕಾಲಿಕ ನೌಕರರನ್ನು ಹಗಲು ಆರು ಗಂಟೆ ಕೂರಿಸಿದರೆ 46 ದಿನಕ್ಕೆ ಆಗುತ್ತದೆ. ಹೊರಗಿನವರು ಟೈಪ್ ಮಾಡಲಿ, ತಾಳೆ ನೋಡಿ ಸಹಿ ಹಾಕುವವರು ನಿಮ್ಮ ಸಿಬ್ಬಂದಿಯೇ ಆಗಿರಲಿ, ಮೊದಲು ಮುಗಿಯುವುದು ಜೂನ್ 1ರ ಶಾಖೆಯದಾಗಿರಲಿ. ಸಂಜೆ ಕೂತವರಿಗೆ ಹೆಚ್ಚುವರಿ ಸಂಬಳ ಕೊಡಿ. ಎಂಟು ತಿಂಗಳಿಂದ ಇಬ್ಬರು ಹುಡುಗರ ಹೆಗಲ ಮೇಲೆ ಈ ಹೊರೆ ಹಾಕಿದ್ದೀರಿ, ಅವರಿಗೂ ಸಲ್ಲಬೇಕಾದ್ದು ಸಲ್ಲಲಿ.

ಕ್ರಮ ಹೀಗಿರಲಿ: ಷೇರು, ಉಳಿತಾಯ, ಪಿಗ್ಮಿ, ನಿಶ್ಚಿತ ಠೇವಣಿ, ಕೊನೆಯಲ್ಲಿ ಸಾಲ. ಸಾಲ ಕೊನೆಗೆ ಏಕೆಂದರೆ ಪ್ರತಿ ಖಾತೆಗೂ ಅಸಲು ಬಾಕಿ, ಬಡ್ಡಿ ಎಲ್ಲಿಯವರೆಗೆ ಕಟ್ಟಿದ್ದಾರೆ ಎಂಬ ದಿನಾಂಕ, ಬಡ್ಡಿ ದರ, ಸುಸ್ತಿ ಬಡ್ಡಿ, ಜಾಮೀನುದಾರರು ಎಲ್ಲವೂ ಬೇಕು. ಆ 'ಬಡ್ಡಿ ಕಟ್ಟಿದ ದಿನಾಂಕ' ಒಂದು ತಪ್ಪಿದರೆ ಸಾಫ್ಟ್‌ವೇರ್ ಸಾಲ ಕೊಟ್ಟ ದಿನದಿಂದ ಬಡ್ಡಿ ಎಣಿಸಿಬಿಡುತ್ತದೆ, ಸದಸ್ಯರು ಗಾಬರಿಯಾಗಿ ಕೌಂಟರಿಗೆ ಬರುತ್ತಾರೆ. ಹೆಸರಿನ ಗೋಜಲನ್ನೂ ಈಗಲೇ ಬಿಡಿಸಿ. ಮಂಜುನಾಥ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಕೊನೆಯ 'ಎ' ಸೇರಿಸಿ, ಇನ್ನೊಬ್ಬರು ಬಿಟ್ಟು ಹೊಡೆದಿದ್ದರೆ ಒಬ್ಬರೇ ಸದಸ್ಯರು ಇಬ್ಬರಾಗಿರುತ್ತಾರೆ. ಹೆಸರಿನಿಂದ ಹುಡುಕಬೇಡಿ, ಸದಸ್ಯತ್ವದ ಸಂಖ್ಯೆ, ತಂದೆ ಅಥವಾ ಗಂಡನ ಹೆಸರು, ಮೊಬೈಲ್ ಮೂರನ್ನೂ ನೋಡಿ ಒಂದುಗೂಡಿಸಿ.

ಪ್ರತಿ ವಿಧದ ಖಾತೆಗಳ ಒಟ್ಟು ಮೊತ್ತ ಜನರಲ್ ಲೆಡ್ಜರಿನ (ಸಂಸ್ಥೆಯ ಒಟ್ಟು ಲೆಕ್ಕದ ಪುಸ್ತಕದ) ಮೊತ್ತಕ್ಕೆ ಕೂಡಬೇಕು. ಕೂಡುವುದಿಲ್ಲ. ಹಳೆಯ ಸಂಸ್ಥೆಗಳಲ್ಲಿ ಎಂದೋ ಆದ ವ್ಯತ್ಯಾಸ ವರ್ಷದಿಂದ ವರ್ಷಕ್ಕೆ ಸಾಗಿ ಬಂದಿರುತ್ತದೆ. ನಿಮ್ಮ ಎರಡು ಲೆಕ್ಕ ತಾಳೆಯಾಗದ್ದಕ್ಕೆ ಇದೂ ಒಂದು ಕಾರಣವಿರಬಹುದು. ಅದನ್ನು ಯಾವುದೋ ಖಾತೆಯಲ್ಲಿ ತುರುಕಿ ಸರಿಹೊಂದಿಸಬೇಡಿ. ವ್ಯತ್ಯಾಸಕ್ಕೇ ಪ್ರತ್ಯೇಕ ಖಾತೆ ತೆರೆದು, ಶಾಖೆವಾರು ಪಟ್ಟಿ ಮಾಡಿ, ಮಂಡಳಿಯ ಠರಾವಿನಲ್ಲಿ ನಮೂದಿಸಿ, ಲೆಕ್ಕಪರಿಶೋಧಕರಿಗೆ ಪತ್ರ ಬರೆಯಿರಿ. ಸಿಬ್ಬಂದಿ ಒಳಗೊಳಗೇ ಹೆದರುವುದು ಹಳೆಯ ತಪ್ಪು ತಮ್ಮ ತಲೆಗೆ ಬರುತ್ತದೆ ಎಂದು. ಪ್ರಾಮಾಣಿಕವಾದ ಹಳೆಯ ಕೂಡುವ ಕಳೆಯುವ ತಪ್ಪಿಗೆ ಯಾರನ್ನೂ ಹೊಣೆ ಮಾಡುವುದಿಲ್ಲ ಎಂದು ಹೇಳಿದರೆ ಅವರೇ ಪುಟ ತೆಗೆದು ತೋರಿಸುತ್ತಾರೆ.

ಈ ಇಡೀ ಕೆಲಸಕ್ಕೆ ಹಿರಿಯ ಗುಮಾಸ್ತರನ್ನೇ ಮುಖ್ಯಸ್ಥರನ್ನಾಗಿ ಮಾಡಿ, ಹೆಸರಿಗಷ್ಟೇ ಬೇಡ. ಅವರ ಸಹಿ ಇಲ್ಲದೆ ಯಾವ ಶಾಖೆಯೂ ಹೊಸ ಪದ್ಧತಿಗೆ ಹೋಗಬಾರದು. ಅವರು 'ಇನ್ನೂ ಆಗಿಲ್ಲ' ಎಂದರೆ ನಿಲ್ಲಬೇಕು, ನಿಲ್ಲಿಸಿದಾಗ ಅದೇ ದಿನ ಹೊಸ ತಾರೀಖು ಪ್ರಕಟವಾಗಬೇಕು. ಬಡ್ಡಿಯ ನಿಯಮಗಳನ್ನು ಅವರ ಬಾಯಿಂದ ಕೇಳಿ ಬರೆದು, ಮಂಡಳಿಯಲ್ಲಿ ಒಪ್ಪಿಸಿ, ಆಮೇಲೆ ಸಾಫ್ಟ್‌ವೇರಿನಲ್ಲಿ ಕೂರಿಸಿ. ಪರೀಕ್ಷೆಗೆ 50 ಖಾತೆ ಆರಿಸಿ ಅವರು ಕೈಯಲ್ಲಿ ಎಣಿಸಲಿ, ಯಂತ್ರವೂ ಎಣಿಸಲಿ. ಎರಡೂ ಒಂದಾದ ದಿನ ಸಾಫ್ಟ್‌ವೇರನ್ನು ಸಮರ್ಥಿಸುವ ಮೊದಲ ದನಿ ಅವರದೇ ಆಗುತ್ತದೆ.

ತರಬೇತಿಗೆ ಕಂಪನಿಯವರನ್ನು ಕರೆಸಿ ಇಡೀ ದಿನ ಪರದೆ ತೋರಿಸುವುದರಿಂದ ಪ್ರಯೋಜನ ಕಡಿಮೆ. ನಿಮ್ಮ ಕೌಂಟರಿನಲ್ಲಿ ದಿನವೂ ನಡೆಯುವ ವ್ಯವಹಾರದ ಬಗೆಗಳು ಏಳೆಂಟು ಮಾತ್ರ. ಜಮಾ, ಪಾವತಿ, ಪಿಗ್ಮಿ ಜಮಾ, ಸಾಲದ ಕಂತು, ಠೇವಣಿ ನವೀಕರಣ, ಚಿನ್ನದ ಸಾಲ, ವರ್ಗಾವಣೆ. ಒಂದೊಂದಕ್ಕೆ 45 ನಿಮಿಷ ಸಾಕು. ತಮ್ಮದೇ ಹಿಂದಿನ ವಾರದ 20 ವೋಚರ್‌ಗಳನ್ನು ಸಾಫ್ಟ್‌ವೇರಿನ ಅಭ್ಯಾಸದ ಪ್ರತಿಯಲ್ಲಿ ಪ್ರತಿಯೊಬ್ಬರೂ ತಾವೇ ಹಾಕಬೇಕು. ಪಕ್ಕದಲ್ಲಿ ಕಿರಿಯರೊಬ್ಬರು ಕೂರಲಿ, ಆದರೆ ಮೌಸ್ ಮುಟ್ಟಬಾರದು. 'ಕೊಡಿ ಸಾರ್, ನಾನು ಹಾಕ್ತೀನಿ' ಎಂಬ ಸಹಾಯದಿಂದಲೇ ಹಿರಿಯರು ಕಲಿಯದೆ ಉಳಿಯುವುದು. ಅಕ್ಷರದ ಗಾತ್ರ ದೊಡ್ಡದು ಮಾಡಿಸಿ, ಸಾಧ್ಯವಿದ್ದರೆ ಪರದೆ ಕನ್ನಡದಲ್ಲಿರಲಿ. 2022ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಯೋಜನೆಯಡಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣ ಆರಂಭವಾಯಿತು; ನಿಮ್ಮ ತಾಲ್ಲೂಕಿನಲ್ಲಿ ಹಾಗೆ ಬದಲಾದ ಸಂಘವಿದ್ದರೆ ಸಿಬ್ಬಂದಿಯನ್ನು ಒಂದು ದಿನ ಅಲ್ಲಿಗೆ ಕಳಿಸಿ. ತಮ್ಮಂಥ ಗುಮಾಸ್ತರ ಬಾಯಿಂದ ಕೇಳಿದ್ದು ಬೇರೆಯೇ ನಾಟುತ್ತದೆ.

ಈಗ ನಿಮ್ಮ ಯೋಜನೆಯ ನಿಜವಾದ ಇಕ್ಕಟ್ಟು: ಸಂಜೆಯ ಎಂಟ್ರಿ. ದಿನಕ್ಕೆ 120 ವೋಚರ್, ಒಂದಕ್ಕೆ ಎರಡು ನಿಮಿಷ ಎಂದರೆ ನಾಲ್ಕು ಗಂಟೆಯ ಮರುಕೆಲಸ. ಅದೂ ವ್ಯವಹಾರ ಮಾಡದವರ ಕೈಯಲ್ಲಿ. ತಪ್ಪು ಹುಟ್ಟುವುದೇ ಅಲ್ಲಿ, ಏಕೆಂದರೆ ಅಕ್ಷರ ಓದಲಾಗದಿದ್ದರೆ ಕೇಳಲು ಸದಸ್ಯರು ಎದುರಿಗಿರುವುದಿಲ್ಲ. ಕರ್ನಾಟಕದ ಪಹಣಿಯ ಗಣಕೀಕರಣ ಇದನ್ನೇ ಕಂಡಿತು. 1990ರ ದಶಕದ ಪ್ರಯತ್ನಗಳಲ್ಲಿ, ದಾಖಲೆ ತಿದ್ದುಪಡಿಯಾಗುತ್ತಿದ್ದ ತಾಲ್ಲೂಕು ಕಚೇರಿಗಳಲ್ಲೇ ಕಂಪ್ಯೂಟರ್ ಇಡುವ ಏರ್ಪಾಡಿರಲಿಲ್ಲ, ನಮೂದಿಸಿದ್ದು ಹಳತಾಯಿತು. ಆಮೇಲೆ ಬಂದ 'ಭೂಮಿ' ಯೋಜನೆ ತಾಲ್ಲೂಕಿನಲ್ಲೇ ಯಂತ್ರವಿಟ್ಟಿತು, ಅಂದಿನ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳನ್ನು ಹಿಡಿಯಿತು, ಮತ್ತು ಕೈಬರಹದ ಪಹಣಿಯ ಮಾನ್ಯತೆಯನ್ನೇ ತೆಗೆಯಿತು. ಕೆಲಸ ನಡೆಯುವ ಜಾಗದಲ್ಲೇ ಯಂತ್ರ, ಹಿಂದಿನ ದಾರಿ ಪೂರ್ತಿ ಬಂದ್, ಎರಡೂ ಜೊತೆಗಿದ್ದದ್ದರಿಂದ ಅದು ನಿಂತಿತು.

ನಿಮ್ಮಲ್ಲೂ ಜೂನ್ 1ರ ಬೆಳಿಗ್ಗೆಯಿಂದ ಆ ಶಾಖೆಯಲ್ಲಿ ವೋಚರ್ ಕೌಂಟರಿನಲ್ಲೇ, ಸದಸ್ಯರ ಎದುರೇ ಕಂಪ್ಯೂಟರಿಗೆ ಹೋಗಬೇಕು. ಜೊತೆಜೊತೆಗೆ ಎರಡು ಲೆಕ್ಕ ಇಡುವುದು 30 ದಿನ ಮಾತ್ರ, ಅದೂ ಪೂರ್ತಿ ಲೆಡ್ಜರ್ ಅಲ್ಲ. ಕೈಯಲ್ಲಿ ದಿನವಹಿಯ ಒಟ್ಟು ಮೊತ್ತಗಳು, ಜೊತೆಗೆ ದಿನಕ್ಕೆ ಹತ್ತು ಖಾತೆಗಳ ಮಾದರಿ ತಾಳೆ ಸಾಕು. ಬಾಗಿಲು ಹಾಕುವ ಮುಂಚೆ ಎಣಿಸಿದ ನಗದು ಸಾಫ್ಟ್‌ವೇರಿನ ನಗದಿಗೆ ಸಮನಾಗಲೇಬೇಕು. ನೀವು ದಿನವೂ ನೋಡಬೇಕಾದದ್ದು ಮೂರು ಅಂಕಿ: ಕೌಂಟರಿನಲ್ಲೇ ಹಾಕಿದ ವೋಚರ್ ಎಷ್ಟು, ವ್ಯತ್ಯಾಸ ಎಷ್ಟು, ಲೆಕ್ಕ ಮುಗಿದದ್ದು ಎಷ್ಟು ಗಂಟೆಗೆ. ಮೂರನೆಯದು ಮೂರು ದಿನ ಸತತ ತಡವಾದರೆ ಬೈಯಬೇಡಿ. ಯಾವ ಬಗೆಯ ವೋಚರಿನಲ್ಲಿ ತಡವಾಗುತ್ತಿದೆ ಎಂದು ಪಕ್ಕದಲ್ಲಿ ಕೂತು ನೋಡಿ. ಕರೆಂಟ್ ಹೋದಾಗ, ನೆಟ್ ಇಲ್ಲದಾಗ ಏನು ಎಂಬುದು ಗೋಡೆಯ ಮೇಲಿರಲಿ: ಕ್ರಮಸಂಖ್ಯೆ ಮುದ್ರಿಸಿದ ಕೈವೋಚರ್, ಸಂಪರ್ಕ ಬಂದೊಡನೆ ಒಬ್ಬರು ಹಾಕಿ ಇನ್ನೊಬ್ಬರು ತಾಳೆ ನೋಡುವುದು. ಮಲೆನಾಡಿನ ಮಳೆಗಾಲ ಶುರುವಾಗುವುದೂ ಜೂನ್‌ನಲ್ಲೇ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮೇ ತಿಂಗಳಲ್ಲೇ ಪ್ಲಗ್ ತೆಗೆದು ನೋಡಿ.

ಸದಸ್ಯರಿಗೆ ತಿಳಿಸುವುದನ್ನು ಕೊನೆಗಿಡಬೇಡಿ. ಬ್ಯಾಂಕಿನ ಠೇವಣಿಗಿರುವ ವಿಮೆ ಪತ್ತಿನ ಸಹಕಾರಿಗಳ ಠೇವಣಿಗಿಲ್ಲ. ನಿಮ್ಮನ್ನು ಕಾಯುವುದು ನಂಬಿಕೆ ಒಂದೇ. 'ಸೊಸೈಟಿ ಲೆಕ್ಕ ಕೂಡ್ತಿಲ್ಲವಂತೆ' ಎಂಬ ಮಾತು ಸಂತೆಗೆ ಹೋದರೆ ಠೇವಣಿ ವಾಪಸ್ ಕೇಳುವವರ ಸಾಲು ನಿಲ್ಲುತ್ತದೆ. ಮೇ ತಿಂಗಳಲ್ಲೇ ಪ್ರತಿ ಸದಸ್ಯರಿಗೂ ಮಾರ್ಚ್ 31ರ ಶಿಲ್ಕಿನ ಚೀಟಿ ಕೊಟ್ಟು, ಹೊಂದದಿದ್ದರೆ 15 ದಿನದೊಳಗೆ ಪಾಸ್‌ಬುಕ್ ತನ್ನಿ ಎಂದು ಕೇಳಿ. ತಪ್ಪು ತೋರಿಸಿದವರಿಗೆ ಅಂದೇ ಉತ್ತರ ಕೊಡಲು ಒಬ್ಬರನ್ನು ಮೀಸಲಿಡಿ.

ಆದೇಶದ ಜಾಗ ಇದರ ನಂತರ. ಮುಚ್ಚುವ ದಿನ ಲೆಡ್ಜರಿನ ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು ಹಿರಿಯ ಗುಮಾಸ್ತರು, ನೀವು, ಅಧ್ಯಕ್ಷರು ಸಹಿ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿ. ಆ ಪುಸ್ತಕಗಳು ದಾಖಲೆ, ಕಾಪಾಡಬೇಕು, ಬರೆಯುವಂತಿಲ್ಲ. ಅಂದಿನಿಂದ ಯಾವ ನಿರ್ದೇಶಕರೂ ಫೋನ್ ಮಾಡಿ 'ಲೆಡ್ಜರ್ ನೋಡಿ ಹೇಳಿ' ಎನ್ನಬಾರದು, ಮಂಡಳಿಯ ಸಭೆಗೆ ಕೈಬರಹದ ಪಟ್ಟಿ ಬರಬಾರದು. ಎಲ್ಲರ ಕಣ್ಣಿರುವುದು ನಿಮ್ಮ ಮೇಲೆ. ಒಂದೇ ಒಂದು ಸಲ ನೀವು ಹಳೆಯ ಪುಸ್ತಕ ತರಿಸಿ ಖಾತ್ರಿ ಮಾಡಿಕೊಂಡರೆ, ಮರುದಿನ ಪೆನ್ನು ಮತ್ತೆ ಹೊರಬರುತ್ತದೆ.

ಸೆಪ್ಟೆಂಬರ್ 30ಕ್ಕೆ ಅರ್ಧ ವರ್ಷದ ಬಡ್ಡಿ ಹಾಕುವಾಗ ಹೊಸ ಪದ್ಧತಿಗೆ ಮೊದಲ ದೊಡ್ಡ ಪರೀಕ್ಷೆ. ಹಿಂದಿನ ದಿನ ಅಭ್ಯಾಸದ ಪ್ರತಿಯಲ್ಲಿ ಹಾಕಿ, ಅದೇ 50 ಖಾತೆಗಳನ್ನು ಹಿರಿಯ ಗುಮಾಸ್ತರು ಮತ್ತೆ ಕೈಯಲ್ಲಿ ಎಣಿಸಿ ಸಹಿ ಮಾಡಿದ ಮೇಲೆ ನಿಜವಾದ ಖಾತೆಗಳಿಗೆ ಬಡ್ಡಿ ಏರಿಸಿ. ಅಂದು ಕೌಂಟರಿಗೆ ಒಬ್ಬರು ಹೆಚ್ಚಿಗೆ ಇರಲಿ.